ಕನ್ನಡದಲ್ಲಿ ಬರೆದಿಟ್ಟ ಬಾವಿಗಳು

ಆಗ ನಮ್ಮ ಮನೆ ಒಮಾನಿನ ಮಸ್ಕತ್‌ನಲ್ಲಿ, ಅಲ್ ಗುಬ್ರಾದಲ್ಲಿ; ನನ್ನ ಕೆಲಸ ಬರ್ಕಾ ಎಂಬ ಊರಿನಲ್ಲಿ. ಬೆಳಿಗ್ಗೆ ಮಗಳನ್ನು ಶಾಲೆಯ ಗೇಟಿನ ಹತ್ತಿರ ಇಳಿಸಿ, ಹೆದ್ದಾರಿ ಹಿಡಿದು, ಎಂಟಕ್ಕೆ ಮೊದಲು ಅಂಗಡಿಯ ಶಟರ್ ಎತ್ತುತ್ತಿದ್ದೆ. ತೋಟಗಳಿಗೆ ನೀರಿನ ಪಂಪು ಮಾರುವ, ಕೆಟ್ಟರೆ ಹೋಗಿ ರಿಪೇರಿ ಮಾಡಿಕೊಡುವ ಕಂಪನಿ ಅದು. ನನ್ನ ವೀಸಾದಲ್ಲಿ ಸರ್ವೀಸ್ ಎಂಜಿನಿಯರ್ ಎಂದಿತ್ತು. ಸುತ್ತಲಿನ ತೋಟಗಳಲ್ಲಿ ಖರ್ಜೂರ, ನಿಂಬೆ, ಮೇವಿನ ಹುಲ್ಲು ಬೆಳೆಯುತ್ತಿದ್ದರು. ಎಲ್ಲಕ್ಕೂ ಬಾವಿಯ ನೀರೇ. ಸಮುದ್ರಕ್ಕೆ ಹತ್ತಿರವಿದ್ದ ಬಾವಿಗಳ ನೀರು ವರ್ಷದಿಂದ ವರ್ಷಕ್ಕೆ ಉಪ್ಪಾಗುತ್ತಿತ್ತು. ಒಂದು ತೋಟದಲ್ಲಿ ಐದು ವರ್ಷ ಬಾಳುವ ಪಂಪು ಇನ್ನೊಂದರಲ್ಲಿ ಎರಡೇ ವರ್ಷಕ್ಕೆ ತುಕ್ಕು ಹಿಡಿಯುತ್ತಿತ್ತು.

ಯಾವ ಬಾವಿ ಎಷ್ಟು ಆಳ, ನೀರು ಎಷ್ಟು ಉಪ್ಪು, ಯಾವ ಹೊತ್ತಿಗೆ ನೀರು ಇಳಿಯುತ್ತದೆ, ಯಾವ ಪಂಪಿಗೆ ಬೇರೆ ಯಾವ ಪಂಪಿನ ಬಿಡಿಭಾಗ ಕೂರುತ್ತದೆ, ಇವನ್ನೆಲ್ಲ ನಾನು ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೆ. ಏಳು ವರ್ಷದ ಬರಹ, ಎಲ್ಲವೂ ಕನ್ನಡದಲ್ಲಿ. ಮೊದಲ ವರ್ಷ ಕನ್ನಡದಲ್ಲಿ ಬರೆದದ್ದು ಕೈಗೆ ಸಲೀಸು ಎಂದು. ಆಮೇಲೆ ಬರೆದದ್ದು ಬೇರೆಯವರು ಓದಬಾರದು ಎಂದು. ಇದನ್ನು ಮರೆಮಾಚಿ ಪ್ರಯೋಜನವಿಲ್ಲ. ಅಲ್ಲಿ ಎಲ್ಲರೂ ಹಾಗೆಯೇ ಇದ್ದರು. ಗೋಡೌನಿನ ಮಲಯಾಳಿ ತನ್ನ ಕಪಾಟುಗಳ ಪಟ್ಟಿಯನ್ನು ಮಲಯಾಳದಲ್ಲಿ ಬರೆಯುತ್ತಿದ್ದ. ಮೋಟರಿಗೆ ತಂತಿ ಸುತ್ತುವ ಪಂಜಾಬಿ ಎಷ್ಟು ಸುತ್ತು ಎಂಬುದನ್ನು ಯಾರಿಗೂ ಹೇಳುತ್ತಿರಲಿಲ್ಲ. ನಮಗೆ ಮಾತ್ರ ಗೊತ್ತಿರುವುದು ಏನಾದರೂ ಇದ್ದರೆ ನಮ್ಮನ್ನು ಊರಿಗೆ ಕಳಿಸುವುದಿಲ್ಲ ಎಂಬುದು ನಮ್ಮೆಲ್ಲರ ನಂಬಿಕೆ.

ಆ ವರ್ಷ ಆಗಸ್ಟ್‌ನಲ್ಲಿ ಮ್ಯಾನೇಜರ್ ಮಸ್ಕತ್ ಆಫೀಸಿನಿಂದ ಬಂದರು. ಉಡುಪಿ ಕಡೆಯವರು. ಸುತ್ತಿ ಬಳಸಿ ಮಾತನಾಡುವವರಲ್ಲ.

"ಬೇಸರ ಮಾಡ್ಬೇಡಿ ಮಾರಾಯ್ರೆ. ನಿಮ್ಮ ಪೋಸ್ಟ್ ಇನ್ನು ಒಮಾನಿಗಳಿಗೆ ಅಂತ ಸರ್ಕಾರದ ರೂಲ್ ಆಗಿದೆ. ಬರುವ ತಿಂಗಳು ಜನ ಬರ್ತಾನೆ. ಜನವರಿ ಕೊನೆಗೆ ನಿಮ್ಮ ವೀಸಾ ಮುಗೀತದಲ್ಲ, ಅಷ್ಟರೊಳಗೆ ಅವನಿಗೆ ಕಲಿಸಿ ಕೊಡಿ."

"ಸರ್, ಮಗಳು ಹತ್ತನೇ ಕ್ಲಾಸು. ಮಾರ್ಚಿನಾಗ ಬೋರ್ಡ್ ಎಕ್ಸಾಮ್ ಅದ."

"ಗೊತ್ತುಂಟು. ನಾನೆಂತ ಮಾಡ್ಲಿ ಹೇಳಿ? ಕಫೀಲ್ ಹೇಳಿದ ಮೇಲೆ ಖಲಾಸ್."

ಕಫೀಲ್ ಎಂದರೆ ನಮ್ಮ ಕಂಪನಿಯ ಒಮಾನಿ ಒಡೆಯ. ನನ್ನ ವೀಸಾ ಅವನ ಸಹಿಯ ಮೇಲೆ, ಹೆಂಡತಿ ಮಗಳ ವೀಸಾ ನನ್ನದರ ಮೇಲೆ. ನನ್ನದು ಮುಗಿದರೆ ಮೂವರೂ ಹೊರಡಬೇಕು, ಪರೀಕ್ಷೆಗೆ ಐದಾರು ವಾರ ಇರುವಾಗ. ಮಗಳು ಓದುತ್ತಿದ್ದ ಶಾಲೆಯಿಂದ ಪರೀಕ್ಷೆಗೆ ಹೆಸರು ನೋಂದಾಯಿಸಿ ಆಗಿತ್ತು. ನಮ್ಮೂರಾದ ಧಾರವಾಡದಲ್ಲಿ ಆ ಹೊತ್ತಿಗೆ ಯಾವ ಶಾಲೆಯೂ ಅವಳನ್ನು ಪರೀಕ್ಷೆಗೆ ಕೂರಿಸುತ್ತಿರಲಿಲ್ಲ.

ಸಂಜೆ ಹೆಂಡತಿಗೆ ಹೇಳಿದೆ. ಅವಳು ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿದಳು.

"ಅಂವ ಜಲ್ದಿ ಕಲೀಲಿಲ್ಲಂದ್ರ?"

"ಕಲೀಲಿಲ್ಲಂದ್ರ ನನ್ನ ಇಟ್ಕೋಬೇಕಾಗ್ತದ."

ಅವಳು ನನ್ನ ಮುಖ ನೋಡಿದಳು. "ನಾ ಸುಮ್ಮ ಕೇಳಿದ್ದು ರೀ. ನೀವು ಹಂಗೇನರ ಮಾಡೀರಿ ಮತ್ತ."



ಸೆಪ್ಟೆಂಬರಿನಲ್ಲಿ ಬಂದವನು ನಲವತ್ತೆರಡರ ವಯಸ್ಸಿನವನು. ಸೈನ್ಯದ ವಾಹನ ವರ್ಕ್‌ಶಾಪಿನಲ್ಲಿ ಇಪ್ಪತ್ತು ವರ್ಷ ದುಡಿದು ಪಿಂಚಣಿ ಪಡೆದು ಬಂದಿದ್ದ. ಬರ್ಕಾದವನೇ. ವರ್ಕ್‌ಶಾಪಿನಲ್ಲಿದ್ದ ನಮ್ಮ ದೇಶದ ಮೆಕ್ಯಾನಿಕ್ಕುಗಳಿಂದ ಹಿಂದಿ ಕಲಿತಿದ್ದ. ನಮ್ಮಿಬ್ಬರ ಮಾತು ಹಿಂದಿಯಲ್ಲೇ ನಡೆಯುತ್ತಿತ್ತು. ಅದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವನು ನನ್ನನ್ನು ಮುಹಂದಿಸ್ ಎಂದು ಕರೆಯುತ್ತಿದ್ದ, ಎಂಜಿನಿಯರ್ ಎಂಬುದಕ್ಕೆ ಅವರ ಮಾತು. ನಾನು ಅವನನ್ನು ಅಖೂಯ್ ಎನ್ನುತ್ತಿದ್ದೆ, ಅಣ್ಣ ತಮ್ಮಂದಿರನ್ನು ಅವರು ಕರೆಯುವ ಹಾಗೆ. ಹಾಗೆ ಕರೆಯುತ್ತಲೇ ನನ್ನ ನೋಟ್‌ಬುಕ್ಕನ್ನು ಅವನಿಂದ ಮುಚ್ಚಿಟ್ಟೆ.

ಅವನು ಕೌಂಟರಿನ ಹಿಂದೆ ಕೂರುವವನಾಗಿರಲಿಲ್ಲ. ಮೊದಲ ವಾರವೇ ಪಿಕಪ್ ಗಾಡಿಯ ಕೀಲಿ ಕೇಳಿದ. ಸಂಜೆ ಅಂಗಡಿ ಮುಚ್ಚುವ ಮೊದಲು ಒಂದೊಂದು ತೋಟಕ್ಕೆ ಹೋಗಿ, ಕೆಳಗೆ ಕೂತು ಕಾಫಿ ಕುಡಿದು, "ಹೋದ ಬೇಸಿಗೆಯಲ್ಲಿ ಏನಾಯಿತು?" ಎಂದು ಕೇಳುತ್ತಿದ್ದ. ಏನು ಬೇಕು ಎಂದು ಕೇಳುತ್ತಿರಲಿಲ್ಲ. ಆಗ ನನಗೆ ಅದು ಹೊತ್ತು ಕಳೆಯುವ ಚಟದಂತೆ ಕಂಡಿತು. ಹಿಂದಿನ ವರ್ಷವಷ್ಟೇ ಕಂಪನಿ ನನ್ನನ್ನು ಒಂದು ದಿನದ ತರಬೇತಿಗೆ ಹೋಟೆಲಿಗೆ ಕಳಿಸಿತ್ತು. ಉದ್ಯಮಶೀಲ ನೌಕರನ ಗುಣಗಳು ಎಂದು ಪರದೆಯ ಮೇಲೆ ಒಂದರ ಕೆಳಗೆ ಒಂದು ತೋರಿಸಿದ್ದರು. ನಾನು ಎಲ್ಲವನ್ನೂ ಬರೆದುಕೊಂಡು, ಊಟ ಮಾಡಿ, ಸರ್ಟಿಫಿಕೇಟ್ ತಂದಿದ್ದೆ. ಆ ಪಟ್ಟಿಯಲ್ಲಿದ್ದ ಯಾವ ಗುಣವನ್ನೂ ನಾನು ಎದುರಿಗಿದ್ದವನಲ್ಲಿ ಗುರುತಿಸಲಿಲ್ಲ.

ಅಕ್ಟೋಬರಿನ ಒಂದು ದಿನ ಅವನು ಒಬ್ಬ ಮುದುಕನ ತೋಟಕ್ಕೆ ಹೊಸ ಪಂಪು ಆರಿಸುತ್ತಿದ್ದ. ಆರ್ಡರ್ ಹಾಳೆ ಹಿಡಿದು ನನ್ನ ಮೇಜಿಗೆ ಬಂದು ಕೇಳಿದ:

"ಮುಹಂದಿಸ್, ಈ ಬಾವಿಯ ಬಗ್ಗೆ ನನಗೆ ಗೊತ್ತಿರಬೇಕಾದ್ದು ಏನಾದರೂ ಇದೆಯಾ?"

"ಅಂಥದ್ದೇನಿಲ್ಲ," ಎಂದೆ. ಹೇಳುವಾಗ ಕ್ಯಾಟಲಾಗಿನ ಒಂದು ಪುಟ ಮಗುಚಿದೆ. ಅದು ನನಗೆ ಸ್ಪಷ್ಟವಾಗಿ ನೆನಪಿದೆ.

ನನ್ನ ನೋಟ್‌ಬುಕ್ಕಿನಲ್ಲಿ ಆ ಬಾವಿಯ ಕೆಳಗೆ ಎರಡು ಸಾಲು ಇದ್ದವು. ಹನ್ನೆರಡರಿಂದ ನಾಲ್ಕರವರೆಗೆ ನೀರು ಇಳಿಯುತ್ತದೆ. ನೀರು ಇಳಿದಾಗ ಪಂಪನ್ನು ತಾನಾಗಿ ನಿಲ್ಲಿಸುವ ಸ್ವಿಚ್ ಇಲ್ಲದೆ ಪಂಪು ಇಳಿಸಬಾರದು. ಅಕ್ಕಪಕ್ಕದ ತೋಟದವರು ಮಧ್ಯಾಹ್ನ ತಮ್ಮ ಪಂಪು ಓಡಿಸುವಾಗ ಅಲ್ಲಿ ಹಾಗಾಗುತ್ತಿತ್ತು. ನೀರಿಲ್ಲದೆ ಓಡುವ ಪಂಪು ಬಿಸಿಯಾಗಿ ಸುಟ್ಟುಹೋಗುತ್ತದೆ.

ಅವನು ಆ ಸ್ವಿಚ್ ಇಲ್ಲದೆಯೇ ಪಂಪು ಇಳಿಸಿದ, ಅದು ಸುಟ್ಟುಹೋಯಿತು. ಸುಟ್ಟುಹೋದದ್ದು ಬುಧವಾರ ಮಧ್ಯಾಹ್ನ. ಗುರುವಾರ, ಶುಕ್ರವಾರ ನಮಗೆ ರಜೆ. ಶನಿವಾರ ಬೆಳಿಗ್ಗೆ ಮುದುಕನ ಫೋನ್ ಬಂತು. ಇಬ್ಬರೂ ಹೋದೆವು.

ನೀರಿನ ತೊಟ್ಟಿ ಒಣಗಿತ್ತು. ಆಡುಗಳು ಖಾಲಿ ಬಾನಿಯ ತಳವನ್ನು ನೆಕ್ಕುತ್ತಿದ್ದವು. ನೆಟ್ಟು ಎರಡು ವರ್ಷವೂ ಆಗದ ನಿಂಬೆ ಗಿಡಗಳ ಎಲೆಗಳು ಒಳಕ್ಕೆ ಸುರುಳಿಯಾಗಿದ್ದವು. ಮುದುಕ ಬೈಯುತ್ತಾನೆಂದು ನಾನು ಸಿದ್ಧನಾಗಿದ್ದೆ. ಅವನು ಬೈಯಲಿಲ್ಲ. ಚಾಪೆ ಹಾಸಿ ನಮಗೆ ಕಾಫಿ ಕೊಟ್ಟ. ಪಕ್ಕದ ತೋಟದಿಂದ ಡಬ್ಬದಲ್ಲಿ ಹೊತ್ತು ತಂದ ನೀರಿನಲ್ಲಿ ಮಾಡಿದ ಕಾಫಿ. ಆ ಸಣ್ಣ ಬಟ್ಟಲನ್ನು ನಾನು ಕುಡಿಯದೆಯೇ ಕೆಳಗಿಟ್ಟೆ.

"ತಪ್ಪು ನನ್ನದು, ಯಾ ಅಬೂಯ್," ಎಂದು ಅವನು ಮುದುಕನಿಗೆ ಹೇಳಿದ. ಅಪ್ಪಾ ಎಂದ ಹಾಗೆ ಅದು. "ನೀರು ಯಾವಾಗ ಇಳಿಯುತ್ತದೆ ಇಲ್ಲಿ?"

"ಮಧ್ಯಾಹ್ನ," ಎಂದ ಮುದುಕ. ಆಮೇಲೆ ನನ್ನತ್ತ ಗಡ್ಡ ಎತ್ತಿ ತೋರಿಸಿ, "ಈ ಹಿಂದಿಗೆ ಗೊತ್ತಲ್ಲ. ಮೂರು ವರ್ಷದ ಕೆಳಗೆ ಇವನೇ ಬಂದು ಬರೆದುಕೊಂಡು ಹೋಗಿದ್ದ," ಎಂದ.

ಅರಬ್ಬಿಯಲ್ಲಿ ಹಿಂದಿ ಎಂದರೆ ಭಾರತದವನು. ಅಷ್ಟು ಅರಬ್ಬಿ ನನಗೆ ಅರ್ಥವಾಗುತ್ತಿತ್ತು. ನನಗೆ ಅರ್ಥವಾಯಿತೆಂಬುದು ಜೊತೆಗಿದ್ದ ಅಖೂಯ್‌ಗೂ ಗೊತ್ತಿತ್ತು. ಅವನು ನನ್ನ ಕಡೆ ತಿರುಗಲಿಲ್ಲ. "ಯಲ್ಲಾ, ಈಗ ಬಂದೆ," ಎಂದು ಎದ್ದು ಪಿಕಪ್ ಹತ್ತಿದ. ತನ್ನ ಅಣ್ಣನ ತೋಟದಲ್ಲಿ ಹೆಚ್ಚುವರಿಯಾಗಿ ಇಟ್ಟಿದ್ದ ಪಂಪನ್ನು ತಂದ. ಬರುವ ದಾರಿಯಲ್ಲಿ ಅಂಗಡಿಯಿಂದ ಆ ಸ್ವಿಚ್ಚನ್ನೂ ತಂದ. ಹನ್ನೊಂದರ ಹೊತ್ತಿಗೆ ತೊಟ್ಟಿಗೆ ನೀರು ಬಿತ್ತು. ಹನ್ನೆರಡೂವರೆಗೆ ನೀರು ಇಳಿದು ಪಂಪು ತಾನಾಗಿ ನಿಲ್ಲುವವರೆಗೆ ಅವನು ಬಾವಿಯ ಕಟ್ಟೆ ಬಿಟ್ಟು ಏಳಲಿಲ್ಲ.

ವಾಪಸು ಬರುವಾಗ ಗಾಡಿಯಲ್ಲಿ ನಾನೇ ಬಾಯಿ ಬಿಟ್ಟೆ. ನೋಟ್‌ಬುಕ್ಕು, ವೀಸಾ, ಜನವರಿ, ಮಗಳ ಪರೀಕ್ಷೆ, ಎಲ್ಲವನ್ನೂ ಹೇಳಿದೆ.

"ಇದನ್ನು ಸೆಪ್ಟೆಂಬರಿನಲ್ಲೇ ಹೇಳಬಾರದಿತ್ತಾ? ನನ್ನನ್ನು ಒಂದು ಮಾತು ಕೇಳುವುದು ಬಿಟ್ಟು ಮುದುಕನ ತೋಟ ಒಣಗಿಸಿದೆ."

"ತಪ್ಪಾಯಿತು, ಅಖೂಯ್."

"ನನಗೆ ಹೇಳಬೇಡ. ಮುದುಕನಿಗೆ ಹೇಳು. ಇನ್ನು ಆ ಪುಸ್ತಕ ತಾ. ನೀನು ಓದು, ನಾನು ಬರೆಯುತ್ತೇನೆ."

ಮಾರನೆಯ ದಿನ ಹೋಗಿ ಮುದುಕನಿಗೆ ಹೇಳಿದೆ. ಅವನು ಆಡಿನ ಬಾನಿಗೆ ನೀರು ಬಿಡುವ ಪೈಪನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದ. ಬಾನಿ ತುಂಬುವ ತನಕ ಹಿಡಿದು ನಿಂತಿದ್ದೆ.

ಅಂದಿನಿಂದ ದಿನವೂ ಒಂದರಿಂದ ನಾಲ್ಕರವರೆಗೆ, ಅಂಗಡಿ ಮುಚ್ಚಿರುವ ಹೊತ್ತಿನಲ್ಲಿ, ನಾವಿಬ್ಬರೂ ಒಳಗಡೆ ಕೂತೆವು. ನಾನು ಕನ್ನಡದಲ್ಲಿದ್ದುದನ್ನು ಹಿಂದಿಯಲ್ಲಿ ಹೇಳುತ್ತಿದ್ದೆ, ಅವನು ಅರಬ್ಬಿಯಲ್ಲಿ ಒಂದೊಂದು ಬಾವಿಗೆ ಒಂದೊಂದು ದಪ್ಪ ಕಾಗದದ ಕಾರ್ಡು ಬರೆಯುತ್ತಿದ್ದ. ಒಂದು ತನಗೆ, ಅದರ ನಕಲು ಇನ್ನೊಂದು. ನಕಲು ಏಕೆಂದು ಕೇಳಿದ್ದಕ್ಕೆ, "ಬಾವಿಗೆ," ಎಂದ. ಆ ನಕಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಪಂಪಿನ ಸ್ವಿಚ್ ಪೆಟ್ಟಿಗೆಯ ಒಳಬಾಗಿಲಿಗೆ ತಂತಿಯಿಂದ ಕಟ್ಟಿ ಬರುತ್ತಿದ್ದ.

ಗೋಡೌನಿನ ಮಲಯಾಳಿ ನಕ್ಕ. "ಬಾವಿಗಳಿಗೆಲ್ಲ ಜಾತಕ ಬರೀತಿದ್ದೀರಾ? ಮದುವೆ ಯಾವಾಗ?"

ಮ್ಯಾನೇಜರ್ ನಗಲಿಲ್ಲ. "ಎಂತ ಇದು? ನಮ್ಮ ಕಾರ್ಡ್ ನೋಡಿ ಬೇರೆ ಅಂಗಡಿಯವ ಬಂದು ಪಂಪು ಮಾರಿ ಹೋದ್ರೆ?"

"ಬರಲಿ," ಎಂದ ಅವನು. "ಬಂದವನೂ ಬಾವಿ ಕೆಡಿಸದೆ ಹೋಗಲಿ. ಆದರೆ ಕಾರ್ಡಿನ ಕೆಳಗೆ ಇರುವುದು ನಮ್ಮ ಫೋನ್ ನಂಬರು."

ನವೆಂಬರಿನ ಹೊತ್ತಿಗೆ ರೈತರು ಫೋನಿನಲ್ಲೇ ಕಾರ್ಡು ಓದಿ ಹೇಳತೊಡಗಿದರು. ಮೊದಲೆಲ್ಲ ಯಾವ ಬಿಡಿಭಾಗ ಬೇಕೆಂದು ನೋಡಿಬರಲು ಒಂದು ಸಲ, ಹಾಕಲು ಇನ್ನೊಂದು ಸಲ ಹೋಗುತ್ತಿದ್ದೆವು. ಈಗ ಬೇಕಾದ್ದನ್ನು ಹಿಡಿದುಕೊಂಡು ಒಂದೇ ಸಲ ಹೋದರೆ ಸಾಕಾಗುತ್ತಿತ್ತು. ಪಂಜಾಬಿ ಒಂದು ದಿನ ತಾನಾಗಿಯೇ ಬಂದು, ಮೋಟರುಗಳ ಸುತ್ತಿನ ಲೆಕ್ಕಕ್ಕೂ ಕಾರ್ಡು ಮಾಡಬಹುದಲ್ಲ ಎಂದ. ಏಳು ವರ್ಷ ನಾನು ಬಚ್ಚಿಟ್ಟಿದ್ದನ್ನು ಅಖೂಯ್ ಎರಡು ತಿಂಗಳಲ್ಲಿ ಊರಿಗೆಲ್ಲ ಹಂಚಿದ್ದ, ಆದರೂ ಅಂಗಡಿಗೆ ಕೆಲಸ ಕಡಿಮೆಯಾಗಿರಲಿಲ್ಲ.

ಡಿಸೆಂಬರ್ ಕೊನೆಗೆ ಮ್ಯಾನೇಜರ್ ಒಂದು ಫಾರ್ಮ್ ತಂದರು. ಇವನು ಪೂರ್ತಿ ಕಲಿತಿದ್ದಾನೆ ಎಂದು ನಾನು ಸಹಿ ಹಾಕಬೇಕು, ಕೆಳಗೆ ಅವನೂ ಹಾಕಬೇಕು. ಹಾಕಿದರೆ ಫೆಬ್ರವರಿಯಿಂದ ಅವನ ಕೆಲಸ ಕಾಯಂ, ನನ್ನದು ಮುಗಿಯುತ್ತದೆ. ನಾನು ಸಹಿ ಹಾಕಿದೆ. ಅವನು ಕಲಿತಿದ್ದ, ಅದು ನಿಜ. ಇನ್ನೊಂದು ಸುಳ್ಳು ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಫಾರ್ಮನ್ನು ಅವನ ಕಡೆ ಸರಿಸಿದೆ.

ಅವನು ಪೆನ್ನು ಮುಟ್ಟಲಿಲ್ಲ.

"ನಾನು ಪೂರ್ತಿ ಕಲಿತಿಲ್ಲ," ಎಂದ.

ಮ್ಯಾನೇಜರ್ ಹಿಂದಿಯಲ್ಲಿ ಕೇಳಿದರು: "ಏನು ಕಲಿತಿಲ್ಲ? ಕಾರ್ಡು ಬರೆದದ್ದು ನೀನೇ ಅಲ್ವಾ?"

"ಕಾರ್ಡು ಬರೆದಿದ್ದೇನೆ. ಬೇಸಿಗೆ ನೋಡಿಲ್ಲ. ಏಪ್ರಿಲ್, ಮೇಯಲ್ಲಿ ಈ ಬಾವಿಗಳು ಏನು ಮಾಡುತ್ತವೆ ಅಂತ ಇವನ ಜೊತೆ ನಿಂತು ನೋಡಬೇಕು. ಅಲ್ಲಿಯತನಕ ನಾನು ಕಲಿಯುವವನೇ."

"ನೀನು ಕಾಯಂ ಆಗುವುದು ಅಷ್ಟು ತಡ ಆಗ್ತದೆ, ಗೊತ್ತುಂಟಾ?"

"ಗೊತ್ತು."

ಅವನು ಹೇಳಿದ್ದು ಸುಳ್ಳಲ್ಲ. ಬೇಸಿಗೆ ಅವನು ನೋಡಿರಲಿಲ್ಲ. ಆದರೆ ಅದಕ್ಕಾಗಿ ನಾಲ್ಕು ತಿಂಗಳು ತನ್ನ ಕಾಯಂ ಕೆಲಸವನ್ನು ಮುಂದೂಡುವ ಅಗತ್ಯ ಅವನಿಗೆ ಇರಲಿಲ್ಲ. ನಾನು ಅವನ ಪಕ್ಕದಲ್ಲೇ ಕೂತಿದ್ದೆ. ಆ ಮಾತು ಆಡುವಾಗಲೂ ಅವನು ನನ್ನ ಕಡೆ ನೋಡಲಿಲ್ಲ. ಮ್ಯಾನೇಜರ್ ನಮ್ಮಿಬ್ಬರನ್ನೂ ಒಂದೆರಡು ಸಲ ನೋಡಿ, ಫಾರ್ಮನ್ನು ಮಡಚಿ ಬ್ಯಾಗಿಗೆ ಹಾಕಿ, ಕಫೀಲ್‌ಗೆ ಹೇಳಿ ನೋಡುತ್ತೇನೆ ಎಂದರು. ಅವರು ಚೆನ್ನಾಗಿಯೇ ಹೇಳಿರಬೇಕು. ಜನವರಿ ಮೂರನೇ ವಾರ ಕಫೀಲ್ ನನ್ನ ವೀಸಾ ಮುಂದುವರಿಸಲು ಸಹಿ ಹಾಕಿದ. ಮೇ ಕೊನೆಗೆ ನಾವು ಹೊರಡುವುದೆಂದು ಮಾತಾಯಿತು.

ಹೊಸ ವೀಸಾ ಬಿದ್ದ ಪಾಸ್‌ಪೋರ್ಟ್ ಮನೆಗೆ ತಂದ ದಿನ ಹೆಂಡತಿ ಅದನ್ನು ದೇವರ ಗೂಡಿನಲ್ಲಿಟ್ಟು, "ಅವರಿಗೆ ಏನರ ಮಾಡಿ ಕೊಡೂಣು ರೀ," ಎಂದಳು. ಶೇಂಗಾ ಹೋಳಿಗೆ ಮಾಡಿದಳು. ಅವನು ಒಂದು ತಿಂದು, ಉಳಿದುದನ್ನು ಕಟ್ಟಿಕೊಂಡು ಹೋಗಿ ಮುದುಕನಿಗೂ ಕೊಟ್ಟ.

ಮಗಳ ಕೊನೆಯ ಪರೀಕ್ಷೆಯ ದಿನ ಅವಳನ್ನು ಶಾಲೆಗೆ ಬಿಟ್ಟು, ಗೇಟಿನ ಹತ್ತಿರವೇ ಗಾಡಿಯಲ್ಲಿ ಕೂತು ಕಾದೆ. ಒಂದೂವರೆಗೆ ಹೊರಗೆ ಬಂದಳು.

"ಹೆಂಗಾತವ್ವಾ?"

"ಓಕೆ, ಅಪ್ಪಾ. ಡನ್. ಐ ಆ್ಯಮ್ ಸೋ ಹಂಗ್ರಿ."

ಅವಳನ್ನು ಮನೆಗೆ ಬಿಟ್ಟು ನೇರ ಬರ್ಕಾಕ್ಕೆ ಹೋದೆ. ಅವನು ಅಂಗಡಿಯಲ್ಲಿರಲಿಲ್ಲ. ಊರಾಚೆಯ ಒಂದು ತೋಟದಲ್ಲಿ, ಬಾವಿಯ ಕಟ್ಟೆಯ ಮೇಲೆ ಒಬ್ಬನೇ ನಿಂತು ಹೊಸ ಪಂಪಿಗೆ ಹಗ್ಗ ಬಿಗಿಯುತ್ತಿದ್ದ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಅವನನ್ನು ನೋಡಿದ ಕೂಡಲೇ ತಪ್ಪಿಹೋಯಿತು.

"ಅಖೂಯ್, ಮಗಳ ಪರೀಕ್ಷೆ ಮುಗಿಯಿತು. ನೀನು ಅವತ್ತು..."

"ಮುಗಿಯಿತಾ? ಅಲ್ ಹಮ್ದುಲಿಲ್ಲಾ," ಎಂದು ದೇವರನ್ನು ನೆನೆದ. ಮುಖ ಪೂರ್ತಿ ಅರಳಿತು. ಆಮೇಲೆ ಹಗ್ಗದ ಒಂದು ತುದಿಯನ್ನು ನನ್ನತ್ತ ಎಸೆದ. "ಉಳಿದದ್ದು ಆಮೇಲೆ ಹೇಳು. ಮೊದಲು ಇದನ್ನು ಹಿಡಿ, ಭಾರ ಇದೆ."

ನಾನು ಚಪ್ಪಲಿ ಬಿಟ್ಟು ಕಟ್ಟೆ ಹತ್ತಿದೆ. ಅವನು ಎಣಿಸುತ್ತಾ ಹೋದ ಹಾಗೆ, ಒಂದೊಂದು ಮೊಳ ಹಗ್ಗ ಬಿಡುತ್ತಾ, ಇಬ್ಬರೂ ಸೇರಿ ಪಂಪನ್ನು ನೀರಿಗೆ ಇಳಿಸಿದೆವು.