ಹುಲಿಗೆಮ್ಮನ ತೊಡೆಯ ಬಲ ಎಲ್ಲಿ ಹೋಯಿತು?

2018ರಲ್ಲಿ ನಾನು ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ವಾರಕ್ಕೆರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಸಿರುಗುಪ್ಪದ ಶಾಖೆಗೆ ಹೋಗಿಬರಬೇಕಿತ್ತು. ಹದಿನಾಲ್ಕು ವರ್ಷದ ಅನುಭವವಿದ್ದ ನನಗೆ ಮಂಡಿನೋವಿನ ಚೀಟಿ ಹಿಡಿದು ಬಂದವರನ್ನು ಕಂಡರೆ ಮುಂದೆ ಏನು ಮಾಡಬೇಕೆಂದು ಯೋಚಿಸುವ ಅಗತ್ಯವೇ ಬೀಳುತ್ತಿರಲಿಲ್ಲ.

ಮೇ ತಿಂಗಳ ಒಂದು ಮಂಗಳವಾರ ಅಂಥದೇ ಚೀಟಿಯೊಂದಿಗೆ ಸಿರಿಗೇರಿಯ ಹುಲಿಗೆಮ್ಮ ಬಂದರು. ವಯಸ್ಸು ನಲವತ್ನಾಲ್ಕು. ಭತ್ತದ ನಾಟಿ ಮಾಡುವ ಹನ್ನೆರಡು ಹೆಂಗಸರ ಗುಂಪಿಗೆ ಅವರೇ ಮುಂದಾಳು. ಜೊತೆಗೆ ಗಂಡ ಮಾರೆಪ್ಪ ಇದ್ದರು.

“ಮಂಡಿ ನೋವು ಈಗಿಲ್ರಿ ಮೇಡಂ, ಅದು ಹೋತು. ಆದ್ರ ನೆಲಕ್ಕ ಕುಂತ್ರ ಏಳಾಕ ಆಗವಲ್ದು. ಇನ್ನೆರಡು ತಿಂಗಳಿಗೆ ನಾಟಿ ಐತಿ. ನಾನ ಬಗ್ಗದಿದ್ರ ಉಳಿದಾರು ಯಾರ ಹಿಂದ ಬರ್ತಾರ?”

ನೋವು ಹೋದ ಮೇಲೂ ಬಲ ಬಾರದಿರುವುದು ನನಗೆ ವಿಚಿತ್ರವೆನಿಸಲಿಲ್ಲ. ನೋವಿಗೆ ಹೆದರಿ ಕಾಲು ಬಳಸದಿದ್ದರೆ ಸ್ನಾಯು ಸೊರಗುತ್ತದೆ. ತೊಡೆಯ ಸುತ್ತಳತೆ ತೆಗೆದೆ, ನಲವತ್ತೊಂದು ಸೆಂಟಿಮೀಟರ್. ವ್ಯಾಯಾಮ ಹೇಳಿಕೊಟ್ಟು, ಬೇಳೆ-ಮೊಟ್ಟೆ ಹೆಚ್ಚು ತಿನ್ನಲು ಹೇಳಿ ಕಳಿಸಿದೆ.

ಮೂರು ವಾರದ ಮೇಲೆ ಅಳೆದಾಗ ಮೂವತ್ತೊಂಬತ್ತೂವರೆ ಇತ್ತು. ಇಷ್ಟೆಲ್ಲ ಮಾಡಿದ ಮೇಲೂ ತೊಡೆ ಇನ್ನೂ ಸಣ್ಣದಾಗಿತ್ತು. ನೀವು ಮನೆಯಲ್ಲಿ ವ್ಯಾಯಾಮ ಮಾಡುತ್ತಲೇ ಇಲ್ಲ ಎಂದು ಗದರಿದೆ. ಹುಲಿಗೆಮ್ಮ ತಲೆ ತಗ್ಗಿಸಿದರು. ಮಾತಾಡಿದವರು ಮಾರೆಪ್ಪ.

“ಮಾಡ್ತಾಳ್ರಿ. ಎದುರಿಗೆ ಕುಂತು ನಾನ ಎಣಸ್ತೀನಿ.”

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಹಾಗಾದರೆ ಈ ಸ್ನಾಯು ಎಲ್ಲಿಗೆ ಹೋಗುತ್ತಿದೆ? ತೂಕ ನೋಡಿದರೆ ನಾಲ್ಕು ಕಿಲೋ ಏರಿತ್ತು. ಮುಖ ತುಂಬಿಕೊಂಡಿತ್ತು. ಮೊದಲ ದಿನದ ಟಿಪ್ಪಣಿಯಲ್ಲಿ ನಾನೇ ‘ನೋಡಲು ಆರೋಗ್ಯವಾಗಿದ್ದಾರೆ’ ಎಂದು ಬರೆದಿದ್ದೆ. ದೇಹ ಬೆಳೆಯುತ್ತಿದೆ, ತೊಡೆ ಕರಗುತ್ತಿದೆ. ಬಳ್ಳಾರಿಯ ನಮ್ಮ ಫಿಜಿಷಿಯನ್ ಬಳಿಗೆ ಕಳಿಸಿದೆ.

ಅವರು ಸಿಕೆ ಎಂಬ ರಕ್ತಪರೀಕ್ಷೆ ಮಾಡಿಸಿದರು. ಸ್ನಾಯುವಿನ ಕೋಶಗಳು ಒಡೆದರೆ ಸಿಕೆ ಎಂಬ ಕಿಣ್ವ ರಕ್ತಕ್ಕೆ ಸೋರಿ, ಅದರ ಪ್ರಮಾಣ ಏರುತ್ತದೆ. ಇಲ್ಲಿ ಸರಿಯಾಗಿಯೇ ಇತ್ತು. ಥೈರಾಯ್ಡ್ ಸರಿ ಇತ್ತು. ಸಕ್ಕರೆ ಮಾತ್ರ ಸ್ವಲ್ಪ ಹೆಚ್ಚು. ಬೇರೆ ಯಾವುದಾದರೂ ಗುಳಿಗೆ ತೆಗೆದುಕೊಳ್ಳುತ್ತೀರಾ ಎಂದು ಅವರು ಎರಡು ಸಲ ಕೇಳಿದರಂತೆ. ಎರಡು ಸಲವೂ ಇಲ್ಲವೆಂಬ ಉತ್ತರ ಬಂತು. “ನನಗೂ ತಿಳೀತಿಲ್ಲ. ನರದ ಪರೀಕ್ಷೆ ಮಾಡಿಸಿ ನೋಡೋಣ” ಎಂದು ನನಗೆ ಫೋನ್ ಮಾಡಿದರು.

ಅದಾದ ಶುಕ್ರವಾರ ಸಿರುಗುಪ್ಪದಲ್ಲಿ ವ್ಯಾಯಾಮ ಮುಗಿಸಿ ಕುಳಿತ ಹುಲಿಗೆಮ್ಮ ನೀರು ಕೇಳಿದರು. ಕೊಟ್ಟ ಲೋಟಕ್ಕೆ ಸೆರಗಿನ ಗಂಟಿನಿಂದ ಕಂದು ಬಣ್ಣದ ಪುಡಿಯ ಪೊಟ್ಟಣ ತೆಗೆದು ಸುರಿದು ಕುಡಿದರು.

“ಅದೇನದು?”

“ಮಂಡಿ ಪುಡಿರಿ. ಬರೇ ಬೇರು-ನಾರು. ಕುರುಗೋಡು ಸಂತ್ಯಾಗ ಒಬ್ಬಾತ ಮಾರ್ತಾನ. ಎಂಟು ತಿಂಗಳಾತು. ಎರಡ ದಿನಕ್ಕ ನೋವು ಮಾಯ.”

“ಡಾಕ್ಟರಿಗೆ ಯಾಕೆ ಹೇಳಲಿಲ್ಲ?”

“ಅವ್ರು ಗುಳಿಗಿ ಕೇಳಿದ್ರು. ಇದು ಪುಡಿ ಅಲ್ಲೇನ್ರಿ?”

ನೋವು ಬೇಗ ಇಳಿಯಲಿ ಎಂದು ಇಂಥ ಕೆಲವು ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸುತ್ತಾರೆಂದು ನಾನು ಕೇಳಿದ್ದೆ. ನಮ್ಮ ಸ್ನಾಯುವಿನ ಪ್ರೋಟೀನು ದಿನವೂ ಒಂದಿಷ್ಟು ಒಡೆಯುತ್ತದೆ, ದಿನವೂ ಒಂದಿಷ್ಟು ಹೊಸದಾಗಿ ಕಟ್ಟಿಕೊಳ್ಳುತ್ತದೆ. ಎರಡೂ ಸರಿಸಮವಾಗಿದ್ದರೆ ಬಲ ಉಳಿಯುತ್ತದೆ. ಸ್ಟೀರಾಯ್ಡ್ ಬಹಳ ಕಾಲ ಒಳಗೆ ಹೋದರೆ ಒಡೆಯುವುದು ಹೆಚ್ಚುತ್ತದೆ, ಕಟ್ಟುವುದು ಕುಗ್ಗುತ್ತದೆ. ಕೋಶಗಳು ಸಿಡಿಯದೆ ಸದ್ದಿಲ್ಲದೆ ಸಣ್ಣಗಾಗುವುದರಿಂದ ಸಿಕೆ ಏರುವುದಿಲ್ಲ. ತುಂಬಿದ ಮುಖ, ಏರಿದ ತೂಕ, ಸಕ್ಕರೆ, ಎಲ್ಲವೂ ಒಮ್ಮೆಗೇ ಅರ್ಥವಾದಂತಾಯಿತು. ಒಂದು ತಿಂಗಳಿಂದ ತಡಕಾಡುತ್ತಿದ್ದವಳಿಗೆ ಕಾರಣ ಸಿಕ್ಕಿಬಿಟ್ಟಿತ್ತು.

“ಇವತ್ತಿನಿಂದಲೇ ನಿಲ್ಲಿಸಿ. ಉಳಿದದ್ದನ್ನು ಎಸೆದುಬಿಡಿ” ಎಂದೆ. ಫಿಜಿಷಿಯನ್‌ಗೆ ಸೋಮವಾರ ಹೇಳಿದರಾಯಿತು ಎಂದುಕೊಂಡೆ.

ಸೋಮವಾರ ಬೆಳಿಗ್ಗೆ ನಾನು ಬಳ್ಳಾರಿಯ ಆಸ್ಪತ್ರೆಗೆ ಕಾಲಿಡುವಷ್ಟರಲ್ಲಿ ಹುಲಿಗೆಮ್ಮ ತುರ್ತು ಚಿಕಿತ್ಸಾ ವಿಭಾಗದಲ್ಲಿದ್ದರು. ಭಾನುವಾರದಿಂದ ನಿಲ್ಲದ ವಾಂತಿ. ಬಿಪಿ ಎಂಬತ್ತಕ್ಕೆ ಐವತ್ತು. ತಲೆ ಎತ್ತಲೂ ಆಗುತ್ತಿರಲಿಲ್ಲ.

“ನೀವ್ ಹೇಳಿದಂಗ ಪುಡಿ ಗಟಾರಕ್ಕ ಚೆಲ್ಲಿದ್ವಿರಿ. ಒಂದು ಹನಿನೂ ಕುಡೀಲಿಲ್ಲ. ಮತ್ತ್ಯಾಕ ಹಿಂಗಾತು?” ಎಂದರು ಮಾರೆಪ್ಪ.

ಕೆಡುಕು ಮಾಡುತ್ತಿದ್ದದ್ದು ನಿಂತ ಮೇಲೆ ಮೈ ಚೇತರಿಸಿಕೊಳ್ಳಬೇಕಿತ್ತಲ್ಲ? ಫಿಜಿಷಿಯನ್ ನನ್ನೊಬ್ಬಳನ್ನೇ ಪಕ್ಕಕ್ಕೆ ಕರೆದು ಕೇಳಿದರು: “ಒಮ್ಮೆಲೇ ನಿಲ್ಲಿಸೋಕೆ ಹೇಳಿದ್ದು ಯಾರು?”

“ನಾನು, ಸರ್.”

ಅವರು ಬೈಯಲಿಲ್ಲ. ಎರಡೇ ಮಾತಿನಲ್ಲಿ ವಿವರಿಸಿದರು. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದರೆ, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಬಿಟ್ಟುಬಿಡುತ್ತದೆ. ಥಟ್ಟನೆ ನಿಲ್ಲಿಸಿದರೆ ಎರಡೂ ಕಡೆಯಿಂದ ಇಲ್ಲದಂತಾಗಿ ಪ್ರಾಣವೇ ಹೋಗಬಹುದು. ಅಷ್ಟರಲ್ಲಿ ಪರೀಕ್ಷೆಗೆ ರಕ್ತ ತೆಗೆದು, ಸಲೈನ್ ಜೊತೆಗೆ ಹೈಡ್ರೊಕಾರ್ಟಿಸೋನ್ ಎಂಬ ಸ್ಟೀರಾಯ್ಡಿನ ಇಂಜೆಕ್ಷನ್ ಕೊಟ್ಟಾಗಿತ್ತು. ಯಾವುದನ್ನು ನಾನು ಕಿತ್ತುಕೊಂಡಿದ್ದೆನೋ ಅದೇ ಬಗೆಯ ಔಷಧಿಯಿಂದ ಆಕೆ ಸಂಜೆಗೆ ಎದ್ದು ಕುಳಿತು ಗಂಜಿ ಕೇಳಿದರು. ದೇಹದ ಸ್ವಂತ ಸ್ಟೀರಾಯ್ಡ್ ಆದ ಕಾರ್ಟಿಸೋಲ್ ಇಲ್ಲವೆನ್ನುವಷ್ಟು ಕಡಿಮೆ ಎಂದು ವರದಿ ಬಂತು.

ಆಮೇಲಿನದು ನಿಧಾನದ ಕೆಲಸ. ಫಿಜಿಷಿಯನ್ ಸ್ಟೀರಾಯ್ಡನ್ನು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸುತ್ತ ಹೋದರು. ಆ ವರ್ಷದ ನಾಟಿ ಕೈತಪ್ಪಿತು. ಗುಂಪನ್ನು ಇನ್ನೊಬ್ಬಾಕೆ ನಡೆಸಿದಳು. ಮಂಡಿನೋವು ಮರಳಿ ಬಂತು. ಬದುವಿನ ಮೇಲೆ ಕುಳಿತು ನೋಡುವುದು ಹೆರಿಗೆಗಿಂತ ಕಷ್ಟ ಎಂದು ಹುಲಿಗೆಮ್ಮ ಒಮ್ಮೆ ಅತ್ತರು. ವ್ಯಾಯಾಮ ಮಾತ್ರ ಬಿಡಲಿಲ್ಲ.

ಮುಂದಿನ ಏಪ್ರಿಲ್‌ನಲ್ಲಿ ಒಂದು ದಿನ ಅವರು ನೆಲಕ್ಕೆ ಕೈ ಊರದೆ ಎದ್ದು ನಿಂತರು. ಮಾರೆಪ್ಪ ನಕ್ಕರು. ನನಗೆ ನಗು ಬರಲಿಲ್ಲ. ಹತ್ತು ತಿಂಗಳು ಬಚ್ಚಿಟ್ಟಿದ್ದನ್ನು ಅಂದು ಹೇಳಿದೆ. ನೀವು ಸಾಯುವ ಹಾಗಾದದ್ದು ನನ್ನ ಮಾತಿನಿಂದ, ನನಗೆ ಪೂರ್ತಿ ಗೊತ್ತಿರಲಿಲ್ಲ ಎಂದೆ.

ಹುಲಿಗೆಮ್ಮ ಕೇಳಿದರು:

“ಗೊತ್ತಿಲ್ಲ, ಕೇಳಿ ಹೇಳ್ತೀನಿ ಅಂದಿದ್ರ ನಾನೇನ್ ಬ್ಯಾಡ ಅಂತಿದ್ನೇನ್ರಿ ಮೇಡಂ?”

ನನ್ನ ಬಳಿ ಕಲಿಯಲು ಬರುವವರಿಗೆ ಈಗ ಸ್ನಾಯುವಿನ ಹೆಸರುಗಳಿಗಿಂತ ಮೊದಲು ‘ಗೊತ್ತಿಲ್ಲ, ಕೇಳಿ ಹೇಳ್ತೀನಿ’ ಎಂಬ ಆ ವಾಕ್ಯವನ್ನು ಹೇಳಿಕೊಡುತ್ತೇನೆ. ಒಂದು ತಿಂಗಳು ಗೊಂದಲದಲ್ಲಿದ್ದಾಗ ನಾನು ಹುಲಿಗೆಮ್ಮನಿಗೆ ಬೈದದ್ದು ಬಿಟ್ಟರೆ ಬೇರೆ ಹಾನಿ ಮಾಡಿರಲಿಲ್ಲ. ಎಲ್ಲ ತಿಳಿಯಿತು ಅನ್ನಿಸಿದ ಆ ಐದು ನಿಮಿಷದಲ್ಲಿ ಅವರ ಜೀವವನ್ನೇ ತೆಗೆಯುವುದರಲ್ಲಿದ್ದೆ.