ಅಜ್ಜಿ ಪಾಸು ಮಾಡಿಸಿದ ಕಿವಿ ಪರೀಕ್ಷೆ

ಬೆಳಿಗ್ಗೆ ಅವರೆಕಾಯಿ ಸುಲಿದಿಟ್ಟೆ. ಕ್ಲಿನಿಕ್ಕಿಗೆ ಬಂದು ಇಬ್ಬರು ಹಿರಿಯರ ಹಿಯರಿಂಗ್ ಏಡ್‌ಗೆ ಬ್ಯಾಟರಿ ಬದಲಾಯಿಸಿದೆ. ಕಿವಿ ಪರೀಕ್ಷೆಯ ಯಂತ್ರದ ರಬ್ಬರ್ ತುದಿಗಳನ್ನು ಸ್ಪಿರಿಟ್ಟಿನಲ್ಲಿ ಒರೆಸಿದೆ. ಪರೀಕ್ಷೆಯ ಆಟಕ್ಕೆ ಕೊಟ್ಟಾಗ ಮಕ್ಕಳು ಬಾಯಿಗೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಬಿಲ್ಲೆಗಳನ್ನು ಸೋಪುನೀರಿನಲ್ಲಿ ತೊಳೆದು ಟವೆಲ್ಲಿನ ಮೇಲೆ ಹರವಿದೆ. ಅವು ಒಣಗುವಷ್ಟರಲ್ಲಿ ಹರ್ಷಿತಾ ಬಂದಳು.

ಎರಡು ವರ್ಷದ ಹಿಂದಿನ ಡಿಸೆಂಬರ್ ಅದು. ಬಸವೇಶ್ವರನಗರದ ಒಂದು ಇಎನ್‌ಟಿ ಕ್ಲಿನಿಕ್ಕಿನಲ್ಲಿ ನಾನು ಆಡಿಯಾಲಜಿಸ್ಟ್, ಅಂದರೆ ಯಾರಿಗೆ ಎಷ್ಟು ಕೇಳಿಸುತ್ತದೆ ಎಂದು ಅಳೆಯುವವಳು. ಹರ್ಷಿತಾಗೆ ಐದು ವರ್ಷ, ಯುಕೆಜಿ. ಮಲ್ಲತ್ತಹಳ್ಳಿಯಿಂದ ತಾಯಿ ರೂಪಾ ಮತ್ತು ಅಜ್ಜಿ ಪುಟ್ಟಮ್ಮನ ಜೊತೆ ಬಂದಿದ್ದಳು. ಹೇಳಿದ್ದು ಮಾಡುವುದಿಲ್ಲ, ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಕಳಿಸುವುದು ಬೇಡ, ಇನ್ನೊಂದು ವರ್ಷ ಯುಕೆಜಿಯಲ್ಲೇ ಇರಲಿ ಎಂದು ಟೀಚರ್ ಹೇಳಿದ್ದರಂತೆ. ಅದನ್ನು ಹೇಳುತ್ತಾ ರೂಪಾ ಅತ್ತೇಬಿಟ್ಟಳು.

"ದಡ್ಡಿ ಏನಲ್ಲ ಮೇಡಂ," ಎಂದರು ಪುಟ್ಟಮ್ಮ. "ಜಂಭ. ಕೂಗಿದ್ರೆ ತಿರುಗಿ ನೋಡಲ್ಲ. ಥೇಟ್ ಅವರಪ್ಪ."

"ನಿಮ್ಮ ಮಗಾನೇ ಅಲ್ವಾ ಅತ್ತೆ ಅವ್ರು?" ಕಣ್ಣು ಒರೆಸಿಕೊಳ್ಳುತ್ತಲೇ ರೂಪಾ ಅಂದಳು.

ಮಳೆಗಾಲದಲ್ಲಿ ನೆಗಡಿಯಾದಾಗಲೆಲ್ಲ ಮಗುವಿಗೆ ಕಿವಿನೋವು ಬಂದಿತ್ತು. ಔಷಧಿ ಕೊಟ್ಟಾಗ ನೋವು ಹೋಗಿತ್ತು. ನೋವು ಹೋದರೂ ಕೆಲವು ಮಕ್ಕಳಲ್ಲಿ ಕಿವಿತಮಟೆಯ ಹಿಂದೆ ನೀರು ನಿಂತುಬಿಡುತ್ತದೆ. ಅದು ನೋಯುವುದಿಲ್ಲ, ಸೋರುವುದಿಲ್ಲ. ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ.

ಮೊದಲು ಟಿಂಪನೋಮೆಟ್ರಿ ಮಾಡಿದೆ. ಕಿವಿಯೊಳಗೆ ಸಣ್ಣಗೆ ಗಾಳಿಯ ಒತ್ತಡ ಕೊಟ್ಟು ತಮಟೆ ಎಷ್ಟು ಅಲುಗುತ್ತದೆ ಎಂದು ನೋಡುವ ಪರೀಕ್ಷೆ. ತಮಟೆ ಸರಿಯಾಗಿದ್ದರೆ ಪರದೆಯ ಮೇಲೆ ಪುಟ್ಟ ಗುಡ್ಡದಂಥ ಗೆರೆ ಬರುತ್ತದೆ. ಹರ್ಷಿತಾಳ ಎರಡು ಕಿವಿಯಲ್ಲೂ ಗೆರೆ ಸಪಾಟಾಗಿತ್ತು. ನೀರಿದೆ ಎಂದು ಅರ್ಥ.

ಆಮೇಲೆ ಶಬ್ದದ ಪರೀಕ್ಷೆ. ಹೆಡ್‌ಫೋನ್ ಹಾಕಿಸಿಕೊಳ್ಳಲು ಒಪ್ಪಲಿಲ್ಲ. ಸರಿ, ಅಜ್ಜಿಯ ತೊಡೆಯ ಮೇಲೆ ಕೂರಿಸಿ ಸ್ಪೀಕರಿನಲ್ಲೇ ಶಬ್ದ ಕೊಟ್ಟೆ. ಬಿಲ್ಲೆಯನ್ನು ಕೆನ್ನೆಗೆ ಹಿಡಿದುಕೊಂಡಿದ್ದು, ಶಬ್ದ ಕೇಳಿದ ಕೂಡಲೇ ಬುಟ್ಟಿಗೆ ಹಾಕಬೇಕು. ಮಕ್ಕಳಿಗೆ ಇದೊಂದು ಆಟ. ಗಾಜಿನ ಆಚೆ ಕೂತು ನೋಡಿದರೆ, ಹುಡುಗಿ ಒಂದೂ ತಪ್ಪಿಸಲಿಲ್ಲ! ಅತಿ ಸಣ್ಣ ಶಬ್ದಕ್ಕೂ ಬಿಲ್ಲೆ ಬಿತ್ತು. ಒಂದು ಯಂತ್ರ ನೀರಿದೆ ಅನ್ನುತ್ತದೆ, ಇನ್ನೊಂದು ಎಲ್ಲ ಸರಿಯಿದೆ ಅನ್ನುತ್ತದೆ. ಮತ್ತೊಮ್ಮೆ ಸಣ್ಣ ಶಬ್ದ ಕೊಟ್ಟು ಈ ಸಲ ಅಜ್ಜಿಯನ್ನು ನೋಡಿದೆ. ಸೀರೆಯೊಳಗೆ ಅವರ ಮೊಣಕಾಲು ಮೆಲ್ಲಗೆ ಮೇಲೆದ್ದಿತು. ಬಿಲ್ಲೆ ಬಿತ್ತು.

ಒಳಗೆ ಹೋದೆ. "ಅಜ್ಜಿ, ಕಾಪಿ ಹೊಡೆಸ್ತಾ ಇದೀರಾ?"

ಪುಟ್ಟಮ್ಮ ನಾಚಲೂ ಇಲ್ಲ. "ಇನ್ನೇನ್ ಮಾಡ್ಲವ್ವಾ? ಸ್ಕೂಲಲ್ಲೂ ಫೇಲು, ಇಲ್ಲೂ ಫೇಲು ಅಂದ್ರೆ ಮಗೂನ ಯಾರ್ ಮುಂದಕ್ಕೆ ಹಾಕ್ತಾರೆ?"

ಅಜ್ಜಿಯನ್ನು ಆಚೆ ಕಳಿಸೋಣವೆಂದರೆ ಮಗು ಅವರ ಸೆರಗು ಬಿಡಲಿಲ್ಲ. ಮಗುವನ್ನು ಪುಟ್ಟ ಕುರ್ಚಿಯಲ್ಲಿ ಕೂರಿಸಿ, ಅಜ್ಜಿಯ ಕುರ್ಚಿಯನ್ನು ಹಿಂದಕ್ಕೆ ಸರಿಸಿದೆ.

ಶಬ್ದ ಕೊಟ್ಟೆ. ಅಜ್ಜಿಯ ತಲೆ ಎದ್ದಿತು. ಹರ್ಷಿತಾ ಬಿಲ್ಲೆ ಹಿಡಿದು ಕಾಯುತ್ತಿದ್ದಳು. ಸ್ವಲ್ಪ ಜೋರು ಮಾಡಿದೆ. ಅಜ್ಜಿ ಮೊಮ್ಮಗಳನ್ನೇ ನೋಡತೊಡಗಿದರು. ಮಗು ಇನ್ನೂ ಕಾಯುತ್ತಿತ್ತು, ಈಗ ಬರುತ್ತದೆ ಅನ್ನುವ ನಗುಮುಖದಲ್ಲಿ. ಇನ್ನೂ ಜೋರು, ಮತ್ತೂ ಜೋರು ಮಾಡಿದ ಮೇಲೆ ಬಿಲ್ಲೆ ಬಿತ್ತು. "ಸರಿನಾ?" ಅನ್ನುವಂತೆ ಮಗು ಹಿಂದೆ ತಿರುಗಿತು. ಪುಟ್ಟಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು.

"ಅಷ್ಟು ಚೆನ್ನಾಗಿ ಕೇಳಿಸ್ತಿತ್ತಲ್ಲವ್ವಾ ನಂಗೆ," ಎಂದರು ಆಚೆ ಬಂದು. "ಅವ್ಳು ಕಾಯ್ತಾ ಕೂತಿದ್ಲು. ಜಂಭ ಅಂತ ಬೆನ್ನಿಗೆ ಎರಡು ಬಿಟ್ಟಿದೀನಿ ಕಣವ್ವಾ ಇವ್ಳಿಗೆ."

"ಈಗ ಗೊತ್ತಾಯ್ತಲ್ಲ ಅಜ್ಜಿ," ಎಂದೆ.

ಇಂಥ ನೀರು ಎಷ್ಟೋ ಮಕ್ಕಳಲ್ಲಿ ಮೂರು ತಿಂಗಳೊಳಗೆ ತಾನೇ ಆರುತ್ತದೆ, ಕಾಯೋಣ ಎಂದರು ಡಾಕ್ಟರು. ಮುಖ ನೋಡಿ ಮಾತಾಡಿ, ಮುಂದಿನ ಬೆಂಚಿನಲ್ಲಿ ಕೂರಿಸಲು ಹೇಳಿ, ಕಿವಿಗೆ ಎಣ್ಣೆ ಬಿಡಬೇಡಿ ಎಂದು ನಾನು ಹೇಳಿದೆ. ಕೊನೆಯ ಮಾತು ಅಜ್ಜಿಗೆ. ರೂಪಾಳೇ ಶಾಲೆಗೆ ಹೋಗಿ ವಿಷಯ ತಿಳಿಸಿದಳು. ಟೀಚರು ಒಳ್ಳೆಯವರು, ಮೇ ತಿಂಗಳವರೆಗೂ ತೀರ್ಮಾನ ಬೇಡ ಎಂದರು.

ಮಾರ್ಚ್‌ನಲ್ಲೂ ಗೆರೆ ಸಪಾಟಾಗಿಯೇ ಇತ್ತು. ಏಪ್ರಿಲ್‌ನಲ್ಲಿ ಡಾಕ್ಟರು ಎರಡೂ ತಮಟೆಗೆ ಗ್ರೋಮೆಟ್ ಇಟ್ಟರು. ಸಾಸಿವೆಗಿಂತ ಕೊಂಚ ದೊಡ್ಡದಾದ ನಳಿಕೆ ಅದು. ಗಾಳಿಯಾಡಲು ದಾರಿ ಮಾಡುತ್ತದೆ, ತಿಂಗಳುಗಳು ಕಳೆದ ಮೇಲೆ ತಾನೇ ಬಿದ್ದುಹೋಗುತ್ತದೆ. ಮೇನಲ್ಲಿ ಪರೀಕ್ಷೆಗೆ ಬಂದಾಗ ಹರ್ಷಿತಾ ಒಬ್ಬಳೇ ಕೂತು ಸಣ್ಣ ಶಬ್ದಕ್ಕೂ ಬಿಲ್ಲೆ ಹಾಕಿದಳು.

ಹೊರಡುವಾಗ, ಇಷ್ಟು ತಿಂಗಳ ಅಭ್ಯಾಸದಲ್ಲಿ, ಪುಟ್ಟಮ್ಮ ಗಂಟಲು ಹರಿಯುವಂತೆ ಕೂಗಿದರು: "ಹರ್ಷೀ! ಚಪ್ಲಿ ಹಾಕ್ಕೊಳೇ!"

ಮಗು ಎರಡೂ ಕಿವಿ ಮುಚ್ಚಿಕೊಂಡಿತು. "ಅಜ್ಜೀ, ಯಾಕ್ ಹಿಂಗ್ ಕಿರುಚ್ತೀಯಾ? ಇಲ್ಲೇ ಇದೀನಲ್ಲಾ!"

ಇಡೀ ವೆಯ್ಟಿಂಗ್ ರೂಮು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಪುಟ್ಟಮ್ಮ.

ಕೇಳಿಸದ ಮಗುವಿಗೆ ತನಗೆ ಕೇಳಿಸುತ್ತಿಲ್ಲ ಎಂಬುದು ಗೊತ್ತಿರುವುದಿಲ್ಲ. ಅದು ದೂರು ಹೇಳುವುದಿಲ್ಲ, ಸುಮ್ಮನೆ ಕಾಯುತ್ತದೆ. ಮಗುವನ್ನು ಹಟಮಾರಿ ಅನ್ನುವ ಮೊದಲು ಒಮ್ಮೆ ಕಿವಿ ತೋರಿಸಿ ಎಂದು ಈಗ ಎಲ್ಲರಿಗೂ ಹೇಳುತ್ತೇನೆ. ಅಜ್ಜಿಯರನ್ನು ಪರೀಕ್ಷೆಯ ಕೋಣೆಯಿಂದ ಆಚೆ ಕಳಿಸುವುದಿಲ್ಲ. ಅವರೂ ನೋಡಲಿ, ಕುರ್ಚಿ ಮಾತ್ರ ಕೊಂಚ ಹಿಂದಿರಲಿ.

ಜೂನ್‌ನಲ್ಲಿ ಒಂದನೇ ಕ್ಲಾಸು ಶುರುವಾದ ಮರುದಿನ ರೂಪಾ ಫೋನ್ ಮಾಡಿದ್ದಳು. ಹಿಂದಿನ ರಾತ್ರಿ ಅವರ ಮನೆಯಲ್ಲಿ ಮುದ್ದೆ, ಹುರುಳಿಕಾಳಿನ ಬಸ್ಸಾರು. ಹರ್ಷಿತಾ ಎರಡು ಸಲ ಸಾರು ಹಾಕಿಸಿಕೊಂಡು, ಹಾಸಿಗೆಯಲ್ಲಿ ಅಜ್ಜಿಯ ಪಕ್ಕ ಮಲಗಿ, ಹೊಸ ಟೀಚರ್ ಹೇಳಿದ ಮಾತುಗಳನ್ನೆಲ್ಲ ಒಂದೂ ಬಿಡದೆ ಒಪ್ಪಿಸುತ್ತಿದ್ದಳಂತೆ. ಕೇಳುತ್ತಾ ಕೇಳುತ್ತಾ ಮೊದಲು ನಿದ್ದೆ ಹೋದದ್ದು ಪುಟ್ಟಮ್ಮ.