ಜವರಪ್ಪನವರು ಬಿಟ್ಟ ದಾರಿ

ಜವರಪ್ಪನವರು ಯಾವ ಕಟ್ಟಡಕ್ಕೆ ಕಾಲಿಟ್ಟರೂ ಮೊದಲು ನೋಡುತ್ತಿದ್ದದ್ದು ಹೊರಗೆ ಹೋಗುವ ದಾರಿಯನ್ನು. ಕಾಫಿ ಕೊಟ್ಟರೆ ಲೋಟ ಹಿಡಿದುಕೊಂಡೇ ಮೆಟ್ಟಿಲು ಎಣಿಸುತ್ತಿದ್ದರು, ಬಾಗಿಲು ಯಾವ ಕಡೆಗೆ ತೆರೆಯುತ್ತದೆಂದು ತಳ್ಳಿ ನೋಡುತ್ತಿದ್ದರು. ಹಾಸನದ ಅಗ್ನಿಶಾಮಕ ದಳದಲ್ಲಿ ದುಡಿದು ನಿವೃತ್ತರಾದ ಮೇಲೆ ಅಳಿಯನ ಸೋಲಾರ್ ಅಂಗಡಿ ಸೇರಿದ್ದರು. ಕೆಲಸ ಬದಲಾದರೂ ಬೆಂಕಿಯ ಯೋಚನೆ ಅವರನ್ನು ಬಿಟ್ಟಿರಲಿಲ್ಲ.

ಆಗ ನಾನು ಹೊಳೆನರಸೀಪುರದ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ವಾರ್ಡನ್. ಎರಡು ಸಾವಿರದ ದಶಕ ಮುಗಿಯುತ್ತಾ ಬಂದಿತ್ತು. ಪರೀಕ್ಷೆ ಹತ್ತಿರ ಬಂದಷ್ಟೂ ಕರೆಂಟು ಹೋಗುವುದು ಜಾಸ್ತಿ. ಹಳೆಯ ವಿದ್ಯಾರ್ಥಿನಿಯರೆಲ್ಲ ಸೇರಿ ಹದಿನಾರು ಪ್ಯಾನಲ್ ಕೊಡಿಸಿದರು. ಜವರಪ್ಪನವರು ಬಂದು ತಾರಸಿ ಅಳೆದು, ಹನ್ನೆರಡೇ ಹಾಕುವುದು ಅಂದುಬಿಟ್ಟರು. ತಾರಸಿಯ ಅಂಚಿನ ಗೋಡೆಯ ಉದ್ದಕ್ಕೂ ಸುತ್ತಲೂ ಓಡಾಡಲು ಮೂರಡಿ ಜಾಗ ಬಿಡಬೇಕಂತೆ. ನನಗೆ ಪಿತ್ತ ನೆತ್ತಿಗೇರಿತು. ಮಿಕ್ಕ ನಾಲ್ಕನ್ನು ಏನು ಮಾಡಲಿ, ಕೊಟ್ಟವರಿಗೆ ಏನು ಹೇಳಲಿ ಎಂದು ರೇಗಿದೆ.

"ಪ್ಯಾನಲ್ ಕಮ್ಮಿ ಆದ್ರೆ ನಾಕು ಲೈಟು ಉರಿಯಾಕಿಲ್ಲ, ಅಷ್ಟೇಯ. ದಾರಿ ಇಲ್ದಿದ್ರೆ ಮನುಷ್ಯರು ಉರೀತಾರೆ ಮೇಡಮ್ಮೋರೆ," ಅಂದರು. ಆಮೇಲೆ ದನಿ ತಗ್ಗಿಸಿ, "ಒಂದ್ಸಲ ಮಾಳಿಗೆ ಮೇಲೆ ಒಬ್ರು ಕೂಗ್ತಿದ್ರು. ನಾನು ಏಣಿ ತುದೀಲಿದ್ದೆ. ಕಾಲಿಡಾಕೆ ಜಾಗ ಇರ್ನಿಲ್ಲ," ಅಂದು ಟೇಪು ಸುತ್ತಿಕೊಂಡರು. ನಾಲ್ಕು ಪ್ಯಾನಲ್ ನನ್ನ ಬೀರುವಿನ ಹಿಂದೆಯೇ ಉಳಿದವು.

ಕೆಳಗೆ ಮೆಟ್ಟಿಲ ಬುಡದಲ್ಲಿ ದೊಡ್ಡ ಸ್ವಿಚ್ಚು ಹಾಕಿದರು, ನಾಲ್ಕು ಬಕೆಟ್ ಮರಳು ಇಡಿಸಿದರು. ಸುಣ್ಣ ಹೊಡೆದ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ತಾವೇ ಬರೆದರು: 'ಬಿಸಿಲಿರುವ ತನಕ ಮೇಲೆ ಕರೆಂಟಿದೆ. ನೀರು ಎರಚಬೇಡಿ.' ಸ್ವಿಚ್ಚು ಆರಿಸಿದ ಮೇಲೂ ಎಲ್ಲಿಯ ಕರೆಂಟು ಅಂದೆ. "ಕಂಬದ ಕರೆಂಟಾದ್ರೆ ಆಫೀಸ್ನೋರಿಗೆ ಪೋನ್ ಮಾಡ್ತೀರಿ, ತೆಗೀತಾರೆ. ಸೂರ್ಯಂಗೆ ಯಾರು ಪೋನ್ ಮಾಡ್ತೀರಿ? ಈ ಸ್ವಿಚ್ಚು ಕೆಳಗಿಳಿಯೋದನ್ನ ನಿಲ್ಲಿಸ್ತದೆ, ಮೇಲಿರೋದನ್ನಲ್ಲ."

ಅವರಿಗೂ ಅಡುಗೆಯ ಗೌರಮ್ಮನಿಗೂ ಮಾತ್ರ ಎಣ್ಣೆ ಸೀಗೆಕಾಯಿ. ನೀರೊಲೆಗೆ ಬೇಕಾದ ತೆಂಗಿನ ಮಟ್ಟೆಯನ್ನು ಪ್ಯಾನಲ್ ಕೆಳಗೆ ಒಟ್ಟಿದರೆ ನೆನೆಯುವುದಿಲ್ಲ ಎಂದು ಆಕೆ ಕಂಡುಕೊಂಡಿದ್ದಳು. ಎರಡು ತಿಂಗಳಿಗೊಮ್ಮೆ ಬಂದಾಗ ಜವರಪ್ಪನವರು ಪಂಚೆ ಎತ್ತಿ ಕಟ್ಟಿ ಅಷ್ಟನ್ನೂ ಹಿತ್ತಲಿಗೆ ಎಸೆಯುತ್ತಿದ್ದರು. "ಮಾಳಿಗೆ ಏನು ಇವರಪ್ಪಂದಾ?" ಎಂದು ಆಕೆ ಒಂದೊಂದೇ ಮಟ್ಟೆಯನ್ನು ಮತ್ತೆ ಮೇಲಕ್ಕೆ ಸಾಗಿಸುವಳು. ನಾನು ನೋಡಿಯೂ ನೋಡದ ಹಾಗೆ ಇರುತ್ತಿದ್ದೆ. ಹುಡುಗಿಯರಿಗೆ ಬಿಸಿನೀರು ಸಿಗುತ್ತಿತ್ತಲ್ಲ.

ಮರುವರ್ಷದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಗೌರಮ್ಮ ತಾರಸಿಯ ಆ ತುದಿಯಲ್ಲಿ ಸಂಡಿಗೆ ಮಗುಚುತ್ತಿದ್ದಳು. ಅಳಿಲು ಕಡಿದ ವೈರಿನಿಂದ ಕಿಡಿ ಹಾರಿ ಮಟ್ಟೆಗೆ ಹತ್ತಿಕೊಂಡಿತು. ಮೆಟ್ಟಿಲಿಗೂ ಆಕೆಗೂ ನಡುವೆ ಪ್ಯಾನಲ್ಲುಗಳು, ಅವುಗಳ ಕೆಳಗೆ ಬೆಂಕಿ. ನಾನು ಸ್ವಿಚ್ಚು ಎಳೆದು ಮೇಲಕ್ಕೆ ಓಡಿದರೆ ಹೊಗೆಯಲ್ಲಿ ಆಕೆ ಕಾಣಲೇ ಇಲ್ಲ. "ಗೋಡೆ ಹಿಡ್ಕೊಂಡು ಬಾರೇ" ಎಂದು ಕೂಗಿದೆ. ಮುಖಕ್ಕೆ ಸೆರಗು ಒತ್ತಿ, ಒಂದು ಕೈಯಲ್ಲಿ ಗೋಡೆ ಸವರುತ್ತಾ, ಆ ಮೂರಡಿಯಲ್ಲೇ ಸುತ್ತಿಕೊಂಡು ಬಂದಳು. ಪಕ್ಕದ ಮನೆಯವರು ಕೊಡದಲ್ಲಿ ನೀರು ತಂದವರು ಗೋಡೆಯ ಬರಹ ಓದಿ ಕೊಡ ಇಳಿಸಿ ಮರಳು ಹೊತ್ತರು. ಅಷ್ಟರಲ್ಲಿ ಬೆಂಕಿ ಆರಿಸುವ ಗಾಡಿಯೂ ಬಂತು.

ಮಾರನೆಯ ದಿನ ಜವರಪ್ಪನವರು ಬಂದರು. ಗೌರಮ್ಮ ಬಾಗಿಲ ಹಿಂದೆ ಅಡಗಿದ್ದಳು. "ಸಂಡಿಗೆ ಒಂದಾದ್ರೂ ಉಳೀತೇನವ್ವ?" ಎಂದಷ್ಟೇ ಕೇಳಿದರು. ಆಕೆ ಗೊಳೋ ಎಂದು ಅತ್ತಳು. ಬೈದದ್ದು ನನ್ನನ್ನು. "ಅವಮ್ಮ ತಿಳೀದೆ ಇಟ್ಲು. ತಿಳಿದು ಸುಮ್ಕಿದ್ದೋರು ನೀವು." ನನಗೆ ಅಷ್ಟು ನಿಜವನ್ನು ಅಷ್ಟು ಮೆತ್ತಗೆ ಯಾರೂ ಹೇಳಿರಲಿಲ್ಲ.

ಒಂದೆರಡು ವರ್ಷ ಕಳೆದ ಮೇಲೆ ಅವರಿಗೆ ಪಾರ್ಶ್ವವಾಯು ಬಡಿದು ಅರಕಲಗೂಡಿನ ಮಗಳ ಮನೆ ಸೇರಿದರು. ನಾನೂ ಗೌರಮ್ಮನೂ ನೋಡಲು ಹೋದೆವು. ನೀವು ಹಟ ಮಾಡದಿದ್ದರೆ ಇವಳು ಇರುತ್ತಿರಲಿಲ್ಲ ಎಂದು ಹೇಳಬೇಕೆಂದೇ ಹೋದವಳು ನಾನು. ಬಾಯಿ ತೆರೆಯುವ ಮೊದಲೇ ಅವರು ತೊದಲುತ್ತಾ ಕೇಳಿದರು: "ಮ್ಯಾಲೆ... ದಾರಿ ಬುಟ್ಟಿದ್ದೀರಾ ಮೇಡಮ್ಮೋರೆ?"

"ಬಿಟ್ಟಿದ್ದೀವಿ," ಅಂದೆ.

ಬೇಸಿಗೆಯ ನೀರಿಗೆಂದು ಆ ದಾರಿಯಲ್ಲೇ ಎರಡು ಡ್ರಮ್ಮು ಇಡಿಸಿ ತಿಂಗಳಾಗಿತ್ತು. ಗೌರಮ್ಮ ತಲೆ ತಗ್ಗಿಸಿದಳು. ಅವರು ಸಮಾಧಾನದಿಂದ ಕಣ್ಣು ಮುಚ್ಚಿಕೊಂಡರು. ಸುಳ್ಳಾಡಿದ ಬಾಯಲ್ಲಿ ಹೇಳಬೇಕಾದ ಮಾತು ಹೇಳಲಾರದೆ ನಾನು ಎದ್ದು ಹೊರಟೆ.

ವಾಪಸು ಹಾಸ್ಟೆಲ್ಲಿಗೆ ಬಂದವರು ಚೀಲವನ್ನೂ ಇಳಿಸದೆ ನೇರ ತಾರಸಿ ಹತ್ತಿ, ನೀರು ಚೆಲ್ಲಿ, ಡ್ರಮ್ಮು ಉರುಳಿಸಿ ಕೆಳಗಿಳಿಸಿದೆವು. ಸೀರೆಯೆಲ್ಲ ಒದ್ದೆ. ನಾಲ್ಕನೆಯ ದಿನ ಅವರು ಹೋದ ಸುದ್ದಿ ಬಂತು. ಕೃತಜ್ಞತೆಯ ಮಾತು ನನ್ನಲ್ಲೇ ಉಳಿಯಿತು. ಆದರೆ ಅವರು ನಂಬಿ ಹೋದದ್ದು ಸುಳ್ಳನ್ನಲ್ಲ.